ಫ್ಲೆಕ್ಸ್‌ಪ್ಲೇಟ್ ಮನೆಯಲ್ಲೇ ಬದಲಾಯಿಸುವುದು: ಗೇರ್‌ಬಾಕ್ಸ್ ಇಳಿಸಿ, ಮತ್ತೆ ಸರಿಯಾಗಿ ಕೂರಿಸುವ ತನಕ

ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಕೆಳಗಿನಿಂದ ಟಕ್ ಟಕ್ ಟಕ್ ಅಂತ ಗಟ್ಟಿ ಸದ್ದು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಸದ್ದು ಬದಲಾಗುತ್ತದೆ, ಇನ್ನಷ್ಟು ಒತ್ತಿದರೆ ಮಾಯ. ನನ್ನ ಹಳೇ ಆಟೊಮ್ಯಾಟಿಕ್ ಕಾರಿನಲ್ಲಿ ಇದು ಶುರುವಾದಾಗ ಎರಡು ಗ್ಯಾರೇಜ್‌ಗಳಲ್ಲಿ ಒಂದೇ ಮಾತು ಕೇಳಿದೆ: ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು. ಒಪ್ಪಿಕೊಳ್ಳುವ ಮುಂಚೆ ಒಂದು ಸಂಜೆ ಕಾರನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಬೆಲ್ ಹೌಸಿಂಗ್ (ಎಂಜಿನ್‌ಗೆ ಸೇರುವ ಗೇರ್‌ಬಾಕ್ಸಿನ ಗಂಟೆಯಾಕಾರದ ಮುಂಭಾಗ) ತಳದ ತಗಡಿನ ಮುಚ್ಚಳ ತೆಗೆದು, ಟಾರ್ಚ್ ಮತ್ತು ಒಂದು ಪುಟ್ಟ ಕನ್ನಡಿ ಹಿಡಿದು ನೋಡಿದೆ. ಪ್ಲೇಟಿನ ಮಧ್ಯಭಾಗದಲ್ಲಿ, ಕ್ರ್ಯಾಂಕ್‌ಶಾಫ್ಟಿಗೆ ಅಂಟಿಕೊಂಡ ಜಾಗದ ಸುತ್ತ, ಕೆಂಪು ಕಂದು ಬಣ್ಣದ ನುಣ್ಣನೆ ಪುಡಿ ಕೂತಿತ್ತು. ಬಟ್ಟೆಯಿಂದ ಒರೆಸಿದರೆ ಅದರ ಕೆಳಗೆ ಕೂದಲೆಳೆಯಷ್ಟು ಸಣ್ಣ ಗೆರೆ, ಅರ್ಧ ಚಂದ್ರನ ಹಾಗೆ ಬಾಗಿತ್ತು. ಎಂಜಿನ್‌ಗೆ ಏನೂ ಆಗಿರಲಿಲ್ಲ. ಸೀಳಿದ್ದು ಫ್ಲೆಕ್ಸ್‌ಪ್ಲೇಟ್.

ಆ ಕೆಂಪು ಪುಡಿಯನ್ನು ನೆನಪಿಟ್ಟುಕೊಳ್ಳಿ. ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ಉಜ್ಜಿ ಉಜ್ಜಿ ಉದುರುವ ಪುಡಿ ಅದು. ಬಿರುಕು ಕಣ್ಣಿಗೆ ಕಾಣುವ ಮುಂಚೆ ಪುಡಿ ಕಾಣುತ್ತದೆ.

ಇದು ಏನು, ಯಾರ ಕಾರಿನಲ್ಲಿ ಇರುತ್ತದೆ

ಆಟೊಮ್ಯಾಟಿಕ್ ಕಾರಿನಲ್ಲಿ ಎಂಜಿನ್ ಮತ್ತು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಮಧ್ಯೆ ಇರುವ ತೆಳ್ಳನೆಯ ಉಕ್ಕಿನ ತಟ್ಟೆಯೇ ಫ್ಲೆಕ್ಸ್‌ಪ್ಲೇಟ್. ಕೆಲವು ಕಂಪನಿಗಳು ಡ್ರೈವ್ ಪ್ಲೇಟ್ ಅನ್ನುತ್ತವೆ. ಮಧ್ಯದಲ್ಲಿ ಕ್ರ್ಯಾಂಕ್‌ಶಾಫ್ಟ್ ಬೋಲ್ಟ್‌ಗಳು, ಅಂಚಿನ ಹತ್ತಿರ ಕನ್ವರ್ಟರ್ ಬೋಲ್ಟ್‌ಗಳು, ಸುತ್ತ ಸ್ಟಾರ್ಟರ್ ಮೋಟಾರ್ ಹಿಡಿಯುವ ಹಲ್ಲುಗಳು. ಮ್ಯಾನುಯಲ್ ಕಾರಿನ ಫ್ಲೈವೀಲ್ ದಪ್ಪ, ಭಾರ. ಇದು ಹಗುರ, ಯಾಕಂದರೆ ಇಲ್ಲಿ ಬೇಕಾದ ತೂಕವನ್ನು ಎಣ್ಣೆ ತುಂಬಿದ ಕನ್ವರ್ಟರ್ ಕೊಡುತ್ತದೆ. ಓಡುವಾಗ ಒಳಗಿನ ಒತ್ತಡಕ್ಕೆ ಕನ್ವರ್ಟರ್ ಒಂದಿಷ್ಟು ಉಬ್ಬುತ್ತದೆ, ಹಿಂದೆ ಮುಂದೆ ಸರಿಯುತ್ತದೆ. ಆ ಅಲುಗಾಟವನ್ನು ತಡೆದುಕೊಳ್ಳಲು ಈ ತಟ್ಟೆ ಸ್ವಲ್ಪ ಬಾಗಬೇಕು. ಬಾಗುವುದೇ ಅದರ ಕೆಲಸ. ಮಿತಿಮೀರಿ ಬಾಗಿಸಿದರೆ ಮಾತ್ರ ಸೀಳುತ್ತದೆ.

ಟಾರ್ಕ್ ಕನ್ವರ್ಟರ್ ಇರುವ ಸಿವಿಟಿ (ಹಂತಗಳಿಲ್ಲದೆ ಗೇರ್ ಬದಲಾಗುವ) ಕಾರುಗಳಲ್ಲೂ ಇದು ಇರುತ್ತದೆ. ಎಎಂಟಿ ಕಾರಿನಲ್ಲಿ ಇರುವುದಿಲ್ಲ, ಅದು ಒಳಗೆ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ ಮತ್ತು ಫ್ಲೈವೀಲ್ ಇರುತ್ತವೆ. ನಿಮ್ಮ ಕಾರು ಹೈಬ್ರಿಡ್ ಆಗಿದ್ದರೆ ಈ ಕೆಲಸಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಅಲ್ಲಿ ಗೇರ್‌ಬಾಕ್ಸ್ ಸುತ್ತ ಹೈ ವೋಲ್ಟೇಜ್ ತಂತಿಗಳು ಇರುತ್ತವೆ.

ಮೊದಲು ರೋಗ ಖಚಿತ ಮಾಡಿಕೊಳ್ಳಿ

ಬಿಚ್ಚುವ ಮುಂಚೆ ಒಂದು ಗಂಟೆ ಇದಕ್ಕೆ ಕೊಡಿ. ಈ ಒಂದು ಗಂಟೆ ಎರಡು ದಿನದ ಕೆಲಸ ಉಳಿಸಬಹುದು.

ಎಂಜಿನ್ ಬಿಸಿಯಾದ ಮೇಲೆ, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಪೆಡಲ್ ಗಟ್ಟಿಯಾಗಿ ಒತ್ತಿ, ಕಾರಿನ ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು, ಪಾರ್ಕ್‌ನಿಂದ ಡ್ರೈವ್‌ಗೆ, ಆಮೇಲೆ ರಿವರ್ಸ್‌ಗೆ ಹಾಕಿ. ಲೋಡ್ ಬದಲಾದ ಕೂಡಲೇ ಸದ್ದೂ ಬದಲಾದರೆ ಫ್ಲೆಕ್ಸ್‌ಪ್ಲೇಟ್ ಮೇಲೆ ಅನುಮಾನ ಜಾಸ್ತಿ. ರಾಡ್ ಬೇರಿಂಗ್ ಸದ್ದು ಒಂದೇ ಸಿಲಿಂಡರ್‌ಗೆ ಸೇರಿದ್ದು. ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ತೆಗೆದು ನೋಡಿದರೆ, ಆ ಸಿಲಿಂಡರ್ ಸರದಿ ಬಂದಾಗ ಸದ್ದು ಕುಗ್ಗುತ್ತದೆ. ಸೀಳಿದ ಪ್ಲೇಟ್ ಹೀಗೆ ಒಂದು ಸಿಲಿಂಡರ್ ಅನ್ನು ಬೆರಳಿಟ್ಟು ತೋರಿಸುವುದಿಲ್ಲ.

ಕೀ ತಿರುಗಿಸಿದಾಗ ಕರಕರ ಅಂತ ಉಜ್ಜುವ ಸದ್ದು, ಅಥವಾ ಸ್ಟಾರ್ಟರ್ ಸುಮ್ನೆ ಗರ್ರ್ ಅಂತ ತಿರುಗಿ ಎಂಜಿನ್ ತಿರುಗದೇ ಇರುವುದು, ಅದೂ ಒಮ್ಮೊಮ್ಮೆ ಮಾತ್ರ, ಹಲ್ಲು ಮುರಿದಿರುವ ಲಕ್ಷಣ. ಎಂಜಿನ್ ನಿಲ್ಲುವಾಗ ಸಾಮಾನ್ಯವಾಗಿ ಕೆಲವೇ ಜಾಗಗಳಲ್ಲಿ ನಿಲ್ಲುತ್ತದೆ. ಹಾಗಾಗಿ ಹಲ್ಲು ಸುತ್ತಲೂ ಸವೆಯುವುದಿಲ್ಲ, ಆ ಕೆಲವು ಜಾಗಗಳಲ್ಲೇ ಸವೆಯುತ್ತದೆ.

ಈಗ ಮುಚ್ಚಳ ತೆಗೆದು ನೋಡಿ. ಮುಂದಿನ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಉದ್ದನೆಯ ಹಿಡಿಯ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ. ಹಲ್ಲುಗಳನ್ನು ನೋಡಿ, ಬೋಲ್ಟ್ ತೂತುಗಳ ಸುತ್ತ ಬಿರುಕು ಹುಡುಕಿ. ಕನ್ವರ್ಟರ್ ಬೋಲ್ಟ್‌ಗಳಿಗೆ ಒಂದೊಂದಕ್ಕೂ ಸ್ಪ್ಯಾನರ್ ಹಾಕಿ ನೋಡಿ. ಬೋಲ್ಟ್ ಲೂಸ್ ಆದರೂ ಥೇಟ್ ಇದೇ ಸದ್ದು ಬರುತ್ತದೆ! ಲೂಸ್ ಬೋಲ್ಟ್ ಸಿಕ್ಕಿ, ತೂತು ಮೊಟ್ಟೆಯಾಕಾರಕ್ಕೆ ಸವೆದಿಲ್ಲ, ಬಿರುಕೂ ಇಲ್ಲ ಅಂದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಬೋಲ್ಟ್ ತೆಗೆದು, ಚೊಕ್ಕ ಮಾಡಿ, ಥ್ರೆಡ್ ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ಸರ್ವಿಸ್ ಮ್ಯಾನುಯಲ್ ಹೇಳಿದ ಅಳತೆಗೆ ಟೈಟ್ ಮಾಡಿ, ಮುಚ್ಚಳ ಹಾಕಿ.

ಮನೆಯಲ್ಲಿ ಮಾಡಬಹುದಾ?

ಮಾಡಬಹುದು. ಆದರೆ ಯಾವ ಕೆಲಸಕ್ಕೆ ಇಳಿಯುತ್ತಿದ್ದೀರಿ ಅನ್ನುವುದು ಗೊತ್ತಿರಲಿ. ಪ್ಲೇಟ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಉಳಿದದ್ದೆಲ್ಲ ಗೇರ್‌ಬಾಕ್ಸ್ ಇಳಿಸಿ ಮತ್ತೆ ಏರಿಸುವುದೇ. ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕನ್ವರ್ಟರ್ ಸಮೇತ ಸುಲಭವಾಗಿ 70ರಿಂದ 100 ಕೆಜಿ ತೂಗುತ್ತದೆ. ದೊಡ್ಡ ಗಾಡಿಗಳಲ್ಲಿ ಇನ್ನೂ ಜಾಸ್ತಿ. ಗಟ್ಟಿ, ಸಮತಟ್ಟಾದ ನೆಲ ಬೇಕು. ಮಣ್ಣಿನ ಮೇಲೆ, ಇಳಿಜಾರಿನ ಮೇಲೆ ಬೇಡ. ಜೊತೆಗೆ ಒಬ್ಬರು ಇರಲೇಬೇಕು. ಎರಡು ಪೂರ್ತಿ ದಿನ ಕೈಯಲ್ಲಿ ಇಟ್ಟುಕೊಳ್ಳಿ, ಆ ದಿನಗಳಲ್ಲಿ ಕಾರು ಬೇಕಾಗದಂತೆ ನೋಡಿಕೊಳ್ಳಿ. ಆತುರದಲ್ಲಿ ಮಾಡಿದ ಗೇರ್‌ಬಾಕ್ಸ್ ಕೆಲಸ ಎರಡನೇ ಸಲ ಮಾಡಬೇಕಾಗುತ್ತದೆ.

ಹಿಂದಿನ ಚಕ್ರ ಎಳೆಯುವ ಕಾರಿನಲ್ಲಿ ಈ ಕೆಲಸ ಸುಲಭ, ಗೇರ್‌ಬಾಕ್ಸ್ ನೇರ ಹಿಂದಕ್ಕೆ ಬರುತ್ತದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಗೇರ್‌ಬಾಕ್ಸ್ ಪಕ್ಕಕ್ಕೆ ಸರಿದು ಕೆಳಗೆ ಇಳಿಯಬೇಕು, ಜಾಗ ಬಿಗಿ. ಕೆಲವು ಮಾದರಿಗಳಲ್ಲಿ ಸಬ್‌ಫ್ರೇಮ್ (ಎಂಜಿನ್ ಕೆಳಗಿನ ಚೌಕಟ್ಟು) ಇಳಿಸಬೇಕಾಗುತ್ತದೆ. ನಿಮ್ಮದು ಆ ಜಾತಿಯದ್ದಾಗಿದ್ದು, ಇದು ನಿಮ್ಮ ಮೊದಲ ದೊಡ್ಡ ಕೆಲಸ ಆಗಿದ್ದರೆ, ಅನುಭವ ಇರುವವರನ್ನು ಪಕ್ಕದಲ್ಲಿ ಇಟ್ಟುಕೊಂಡೇ ಶುರು ಮಾಡಿ.

ಸರಿಯಾದ ಪ್ಲೇಟ್ ತರುವುದು

ನೋಡಲು ಎಲ್ಲಾ ಪ್ಲೇಟ್‌ಗಳೂ ಒಂದೇ ಥರ. ಆದರೆ ಹಲ್ಲಿನ ಸಂಖ್ಯೆ, ವ್ಯಾಸ, ಬೋಲ್ಟ್ ತೂತುಗಳ ಜಾಗ, ತಟ್ಟೆಯ ಆಳ, ಬ್ಯಾಲೆನ್ಸ್, ಇವು ಐದೂ ಹೊಂದಬೇಕು. ಅಮೆರಿಕದ ಹಳೇ ವಿ8 ಎಂಜಿನ್‌ಗಳಲ್ಲಿ ಇದು ಚೆನ್ನಾಗಿ ಅರ್ಥವಾಗುತ್ತದೆ. ಶೆವ್ರೊಲೆ ಸ್ಮಾಲ್ ಬ್ಲಾಕ್‌ಗೆ 153 ಹಲ್ಲಿನದೂ ಇದೆ, 168 ಹಲ್ಲಿನದೂ ಇದೆ. ಎರಡಕ್ಕೂ ಸ್ಟಾರ್ಟರ್ ಬೋಲ್ಟ್‌ಗಳ ಜಾಗವೇ ಬೇರೆ. 1986ರಲ್ಲಿ ಅದೇ ಎಂಜಿನ್‌ನ ಹಿಂದಿನ ಆಯಿಲ್ ಸೀಲ್ ಎರಡು ತುಂಡಿನಿಂದ ಒಂದೇ ತುಂಡಿಗೆ ಬದಲಾಯಿತು, ಜೊತೆಗೆ ಕ್ರ್ಯಾಂಕ್ ಬೋಲ್ಟ್‌ಗಳ ವೃತ್ತವೂ ಚಿಕ್ಕದಾಯಿತು. ಫೋರ್ಡ್ 5.0 ಲೀಟರ್ ವಿ8ನಲ್ಲಿ ಹಳೆಯವಕ್ಕೆ 28 ಔನ್ಸ್-ಇಂಚ್ ಬ್ಯಾಲೆನ್ಸ್ ತೂಕ, ಆಮೇಲಿನವಕ್ಕೆ 50. ಒಂದರ ಪ್ಲೇಟ್ ಇನ್ನೊಂದಕ್ಕೆ ಬೋಲ್ಟ್ ಆಗುತ್ತದೆ, ಆದರೆ ಎಂಜಿನ್ ನಡುಗಿ ನಡುಗಿ ಬೇರಿಂಗ್ ತಿನ್ನುತ್ತದೆ.

ಆದ್ದರಿಂದ ಬರೀ ಮಾದರಿಯ ಹೆಸರು ಹೇಳಿ ಬಿಡಿಭಾಗ ತರಬೇಡಿ. ಚಾಸಿಸ್ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಹಳೇ ಪ್ಲೇಟ್ ಕೈಗೆ ಬಂದ ಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಹಲ್ಲು ಎಣಿಸಿ, ನಿಜವಾಗಿಯೂ ಎಣಿಸಿ. ಅಂಚಿಗೆ ಬೆಸುಗೆ ಹಾಕಿದ ಬ್ಯಾಲೆನ್ಸ್ ತೂಕ ಎರಡರಲ್ಲೂ ಒಂದೇ ಜಾಗದಲ್ಲಿ, ಒಂದೇ ಗಾತ್ರದಲ್ಲಿ ಇರಬೇಕು. ಕೆಲವು ಪ್ಲೇಟ್‌ಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಓದುವ ಕಿಂಡಿಗಳು ಇರುತ್ತವೆ. ಅವೂ ಒಂದೇ ಇರಬೇಕು, ಇಲ್ಲಾಂದ್ರೆ ಎಂಜಿನ್ ಸ್ಟಾರ್ಟೇ ಆಗದೇ ಹೋಗಬಹುದು.

ಇದೇ ಹೊತ್ತಿಗೆ ಇವನ್ನೂ ತಂದಿಡಿ: ಹೊಸ ಕ್ರ್ಯಾಂಕ್ ಬೋಲ್ಟ್‌ಗಳು, ಕನ್ವರ್ಟರ್ ಬೋಲ್ಟ್‌ಗಳು, ಎಂಜಿನ್ ಹಿಂದಿನ ಮುಖ್ಯ ಆಯಿಲ್ ಸೀಲ್, ಗೇರ್‌ಬಾಕ್ಸ್ ಮುಂದಿನ ಪಂಪ್ ಸೀಲ್, ನಿಮ್ಮ ಗೇರ್‌ಬಾಕ್ಸಿಗೆ ಹೇಳಿದ ದರ್ಜೆಯ ಆಯಿಲ್. ಸೀಲ್‌ಗಳು ಈಗ ಸೋರುತ್ತಿಲ್ಲ ಅಂತ ಬಿಡಬೇಡಿ. ಅವುಗಳ ಹತ್ತಿರ ಮತ್ತೆ ಹೋಗಬೇಕಾದರೆ ಇಷ್ಟೇ ಕೆಲಸ ಮತ್ತೆ ಮಾಡಬೇಕು.

ಸಲಕರಣೆ

ಜ್ಯಾಕ್, ನಾಲ್ಕು ಗಟ್ಟಿ ಆಕ್ಸಲ್ ಸ್ಟ್ಯಾಂಡ್, ಚಕ್ರಕ್ಕೆ ಅಡ್ಡ ಇಡುವ ಕಟ್ಟೆಗಳು. ಬೆಲ್ಟ್ ಇರುವ ಟ್ರಾನ್ಸ್‌ಮಿಷನ್ ಜ್ಯಾಕ್, ಇದನ್ನು ಬಾಡಿಗೆಗೆ ತರಬಹುದು. ಮಾಮೂಲಿ ಜ್ಯಾಕ್ ತಲೆ ಮೇಲೆ ಮರದ ತುಂಡು ಇಟ್ಟು ಗೇರ್‌ಬಾಕ್ಸ್ ಇಳಿಸುವವರು ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಓರೆ ಮಾಡಲು, ಒಂದೆರಡು ಮಿಲಿಮೀಟರ್ ಎತ್ತಲು ಅದರಲ್ಲಿ ಆಗುವುದಿಲ್ಲ, ಜಾರಿದರೆ ಹಿಡಿಯಲೂ ಆಗುವುದಿಲ್ಲ. ಎಂಜಿನ್ ಹಿಡಿದುಕೊಳ್ಳುವ ಸಪೋರ್ಟ್ ಬಾರ್, ಉದ್ದನೆಯ ಎಕ್ಸ್‌ಟೆನ್ಷನ್‌ಗಳು, ಟಾರ್ಕ್ ವ್ರೆಂಚ್, ಕೋನ ಅಳೆಯುವ ಗೇಜ್, ಪ್ಲೇಟ್ ತಿರುಗದಂತೆ ಹಿಡಿಯುವ ಲಾಕ್, ನೇರ ಪಟ್ಟಿ, ವರ್ನಿಯರ್ ಕ್ಯಾಲಿಪರ್, ಪೇಂಟ್ ಪೆನ್. ಕಣ್ಣಿಗೆ ಕನ್ನಡಕ ಮರೆಯಬೇಡಿ, ಕೆಳಗೆ ಮಲಗಿದಾಗ ಉದುರುವುದೆಲ್ಲ ಕಣ್ಣಿಗೇ ಬೀಳುತ್ತದೆ.

ಇನ್ನು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್. ಟಾರ್ಕ್ ಅಳತೆ (ಯಾವ ಬೋಲ್ಟ್ ಎಷ್ಟು ಬಿಗಿಯಬೇಕು ಅನ್ನುವುದು), ಆಯಿಲ್ ಮಟ್ಟ ನೋಡುವ ಉಷ್ಣಾಂಶ, ಕನ್ವರ್ಟರ್ ಆಳದ ಅಳತೆ ಮೂರನ್ನೂ ಅಲ್ಲಿಂದ ಒಂದು ಹಾಳೆಗೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ.

ಇಳಿಸುವುದು

ಬ್ಯಾಟರಿಯ ನೆಗೆಟಿವ್ ತಂತಿ ಮೊದಲು ತೆಗೆಯಿರಿ. ಸ್ಟಾರ್ಟರ್‌ಗೆ ಬರುವ ದಪ್ಪ ತಂತಿಯಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ, ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಮುಂದಿನ ಚಕ್ರ ಎಳೆಯುವ ಕಾರಾದರೆ, ಚಕ್ರ ನೆಲದ ಮೇಲೆ ಇರುವಾಗಲೇ ಹಬ್ ನಟ್ ಲೂಸ್ ಮಾಡಿಕೊಳ್ಳಿ. ಆಮೇಲೆ ಕಾರನ್ನು ನಾಲ್ಕೂ ಕಡೆ ಸಮವಾಗಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಗೇರ್‌ಬಾಕ್ಸ್ ಜ್ಯಾಕ್ ಮೇಲೆ ಕೂತು ಕಾರಿನ ಕೆಳಗಿಂದ ಹೊರಗೆ ಬರಬೇಕಲ್ವಾ? ಅಷ್ಟು ಎತ್ತರ ಬೇಕು, ಈಗಲೇ ಅಳೆದುಕೊಳ್ಳಿ. ಕೆಳಗೆ ಹೋಗುವ ಮುಂಚೆ ಕಾರನ್ನು ಎರಡೂ ಕೈಯಿಂದ ಜೋರಾಗಿ ಅಲುಗಾಡಿಸಿ. ಅಲುಗಿದರೆ ಮತ್ತೆ ಸರಿಯಾಗಿ ಕೂರಿಸಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ಕೈ ಕೂಡ ಹಾಕಬೇಡಿ.

ಆಯಿಲ್ ತಣ್ಣಗಾದ ಮೇಲೆ ಇಳಿಸಿ. ಪ್ರಾಪೆಲ್ಲರ್ ಶಾಫ್ಟ್ ಇದ್ದರೆ ಎರಡೂ ಫ್ಲೇಂಜ್‌ಗೆ ಪೇಂಟಿನಿಂದ ಗುರುತು ಹಾಕಿ ತೆಗೆಯಿರಿ. ಹಾಗೆಯೇ ಕೂರಿಸಿದರೆ ಬ್ಯಾಲೆನ್ಸ್ ಕೆಡುವುದಿಲ್ಲ. ಡ್ರೈವ್ ಶಾಫ್ಟ್‌ಗಳಾದರೆ ಬಾಲ್ ಜಾಯಿಂಟ್ ಬಿಚ್ಚಿ, ಸನ್ನೆಕೋಲು ಹಾಕಿ ಎಬ್ಬಿ ತೆಗೆದು, ಜೋತು ಬೀಳದಂತೆ ತಂತಿಯಿಂದ ಕಟ್ಟಿ. ಗೇರ್ ಕೇಬಲ್, ಸೆನ್ಸರ್ ಕನೆಕ್ಟರ್‌ಗಳು, ಅರ್ತ್ ತಂತಿ, ಕೂಲರ್ ಪೈಪ್‌ಗಳು, ಡಿಪ್‌ಸ್ಟಿಕ್ ಕೊಳವೆ, ಅಡ್ಡ ಬಂದರೆ ಸೈಲೆನ್ಸರ್ ಪೈಪ್, ಕೊನೆಗೆ ಸ್ಟಾರ್ಟರ್ ಮೋಟಾರ್. ಕೂಲರ್ ಪೈಪ್ ನಟ್‌ಗೆ ಮಾಮೂಲಿ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದುಹೋಗುತ್ತದೆ, ಫ್ಲೇರ್ ನಟ್ ಸ್ಪ್ಯಾನರ್ ಬಳಸಿ. ತೆಗೆದ ಪೈಪ್‌ಗಳ ಬಾಯಿಗೆ ಮುಚ್ಚಳ ಹಾಕಿ, ಕಸ ಒಳಗೆ ಹೋಗಬಾರದು. ಬಿಚ್ಚುವ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಈಗ ಕನ್ವರ್ಟರ್ ಬೋಲ್ಟ್‌ಗಳು. ತಳದ ಕಿಂಡಿಯಿಂದ ಅಥವಾ ಸ್ಟಾರ್ಟರ್ ತೆಗೆದ ತೂತಿನಿಂದ ಒಂದೊಂದೇ ಕೈಗೆ ಸಿಗುತ್ತವೆ. ಒಂದು ಬಿಚ್ಚಿ, ಕ್ರ್ಯಾಂಕ್ ತಿರುಗಿಸಿ, ಮುಂದಿನದು ಬಿಚ್ಚಿ. ಮೊದಲ ಬೋಲ್ಟ್ ತೆಗೆಯುವ ಮುಂಚೆ ಪ್ಲೇಟ್ ಮತ್ತು ಕನ್ವರ್ಟರ್ ಎರಡಕ್ಕೂ ಸೇರಿಸಿ ಒಂದು ಪೇಂಟ್ ಗೆರೆ ಎಳೆದಿಡಿ. ಎಷ್ಟು ಬೋಲ್ಟ್ ಅಂತ ಮ್ಯಾನುಯಲ್‌ನಲ್ಲಿ ನೋಡಿ ಎಣಿಸಿ. ಒಂದು ಉಳಿದುಹೋದರೆ ಗೇರ್‌ಬಾಕ್ಸ್ ಎಳೆದಾಗ ಕನ್ವರ್ಟರ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎಲ್ಲ ಬಂದ ಮೇಲೆ ದೊಡ್ಡ ಸ್ಕ್ರೂಡ್ರೈವರ್‌ನಿಂದ ಕನ್ವರ್ಟರ್ ಅನ್ನು ಮೆಲ್ಲಗೆ ಹಿಂದಕ್ಕೆ, ಗೇರ್‌ಬಾಕ್ಸ್ ಕಡೆ ತಳ್ಳಿ. ಅದು ಪ್ಲೇಟಿನಿಂದ ಬಿಟ್ಟು ಹಿಂದೆ ಸರಿಯಿತಾ ಅಂತ ಕಣ್ಣಾರೆ ನೋಡಿ.

ಎಂಜಿನ್‌ಗೆ ಆಧಾರ ಕೊಡಿ, ಗೇರ್‌ಬಾಕ್ಸ್ ಕೆಳಗೆ ಜ್ಯಾಕ್ ತಂದು ಬೆಲ್ಟ್ ಬಿಗಿಯಿರಿ. ಆಮೇಲೆ ಮಾತ್ರ ಮೌಂಟ್ ಮತ್ತು ಕ್ರಾಸ್ ಮೆಂಬರ್ (ಗೇರ್‌ಬಾಕ್ಸ್ ಹೊತ್ತ ಅಡ್ಡ ತೊಲೆ) ಬಿಚ್ಚಿ. ಹಿಂದಿನ ಭಾಗ ಸ್ವಲ್ಪ ತಗ್ಗಿಸಿದರೆ ಬೆಲ್ ಹೌಸಿಂಗ್ ಮೇಲಿನ ಬೋಲ್ಟ್‌ಗಳು ಉದ್ದನೆಯ ಎಕ್ಸ್‌ಟೆನ್ಷನ್‌ಗೆ ಸಿಗುತ್ತವೆ. ತಗ್ಗಿಸುವಾಗ ಇನ್ನೊಬ್ಬರು ಬಾನೆಟ್ ಕಡೆಯಿಂದ ನೋಡುತ್ತಿರಲಿ. ಎಂಜಿನ್ ಹಿಂದಕ್ಕೆ ವಾಲಿ ಫ್ಯಾನ್, ರೇಡಿಯೇಟರ್ ಹೋಸ್, ಹಿಂದಿನ ತಂತಿಗಳು ಸಿಕ್ಕಿಕೊಳ್ಳುತ್ತಿಲ್ಲವಾ ಅಂತ.

ಬೆಲ್ ಹೌಸಿಂಗ್ ಬೋಲ್ಟ್‌ಗಳ ಉದ್ದ ಒಂದೇ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಬೆಲ್ ಹೌಸಿಂಗ್ ಚಿತ್ರ ಬರೆದು, ಆಯಾ ಜಾಗದಲ್ಲಿ ತೂತು ಮಾಡಿ ಬೋಲ್ಟ್ ಸಿಕ್ಕಿಸಿಡಿ. ಉದ್ದನೆಯದ್ದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಅಲ್ಯೂಮಿನಿಯಂ ಹೌಸಿಂಗ್ ಒಡೆಯುತ್ತದೆ.

ಎಲ್ಲಾ ಬೋಲ್ಟ್ ಬಂದ ಮೇಲೆ ಗೇರ್‌ಬಾಕ್ಸ್ ನೇರ ಹಿಂದಕ್ಕೆ ಎಳೆಯಿರಿ. ಬರದಿದ್ದರೆ ಎಲ್ಲೋ ಒಂದು ಬೋಲ್ಟ್ ಇನ್ನೂ ಉಳಿದಿದೆ, ಹುಡುಕಿ. ಕೈ ತೂರುವಷ್ಟು ಸಂದು ಬಂದ ಕೂಡಲೇ ಕನ್ವರ್ಟರ್ ಮುಂದೆ ಒಂದು ಪಟ್ಟಿಯನ್ನು ಅಡ್ಡಲಾಗಿ ಬೋಲ್ಟ್ ಹಾಕಿ ಹಿಡಿಸಿ. ಅದು ಎಣ್ಣೆ ತುಂಬಿದ ಭಾರದ ಡಬ್ಬಿ. ಮುಂದಕ್ಕೆ ವಾಲಿದರೆ ಸೀದಾ ಕಾಲ ಮೇಲೆ ಬೀಳುತ್ತದೆ.

ಪ್ಲೇಟ್ ಬಿಚ್ಚಿದ ಮೇಲೆ ಮಾಡುವ ವಿಚಾರಣೆ

ಪ್ಲೇಟ್ ಯಾವ ಮುಖ ಎಂಜಿನ್ ಕಡೆ ಇದೆ, ಮಧ್ಯೆ ಸ್ಪೇಸರ್ ಇದೆಯಾ, ಬೋಲ್ಟ್ ತಲೆಗಳ ಕೆಳಗೆ ದಪ್ಪ ರಿಂಗ್ ಇದೆಯಾ, ಫೋಟೊ ತೆಗೆದುಕೊಂಡು ಆಮೇಲೆ ಬಿಚ್ಚಿ. ಲಾಕ್ ಹಾಕಿ, ಎದುರು ಬದುರು ಕ್ರಮದಲ್ಲಿ ಲೂಸ್ ಮಾಡಿ. ಆ ರಿಂಗ್ ಮತ್ತು ಸ್ಪೇಸರ್ ಹೊಸ ಪ್ಲೇಟ್ ಜೊತೆ ಬರದಿದ್ದರೆ ಹಳೆಯವನ್ನೇ ಅದೇ ಜಾಗಕ್ಕೆ ಹಾಕಬೇಕು. ರಿಂಗ್ ಬಿಟ್ಟರೆ ಬೋಲ್ಟ್ ತಲೆಯ ಅಂಚಿನಿಂದಲೇ ಹೊಸ ಬಿರುಕು ಶುರುವಾಗುತ್ತದೆ.

ಈಗ ನೀವು ನಿಲ್ಲಬೇಕಾದ ಜಾಗ. ಹೊಸ ಪ್ಲೇಟ್ ಕೈಯಲ್ಲಿ ಇರುವಾಗ ಹಾಕಿಬಿಡೋಣ ಅನಿಸುತ್ತದೆ. ಹಾಕಬೇಡಿ. ಹಳೆಯದು ಯಾಕೆ ಸೀಳಿತು ಅನ್ನುವುದಕ್ಕೆ ಉತ್ತರ ಬೇಕು. ಬರೀ ವಯಸ್ಸಾಗಿ ಸೀಳುವುದೂ ಇದೆ, ಆದರೆ ಕಾರಣ ಬೇರೆ ಇದ್ದು ಅದು ಹಾಗೇ ಉಳಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಮೊದಲು ಡೋವೆಲ್ ಪಿನ್‌ಗಳನ್ನು ನೋಡಿ. ಎಂಜಿನ್ ಬ್ಲಾಕ್ ಹಿಂದಿನ ಮುಖದಲ್ಲಿ ಇರುವ ಎರಡು ಸಣ್ಣ ಗೂಟಗಳು ಅವು. ಗೇರ್‌ಬಾಕ್ಸ್ ಮತ್ತು ಎಂಜಿನ್ ಒಂದೇ ನೇರದಲ್ಲಿ ಇರುವುದು ಇವುಗಳಿಂದ, ಬೋಲ್ಟ್‌ಗಳಿಂದ ಅಲ್ಲ. ಹಿಂದೆ ಯಾರಾದರೂ ಗೇರ್‌ಬಾಕ್ಸ್ ಇಳಿಸಿದ್ದರೆ ಒಂದು ಪಿನ್ ಕಳೆದುಹೋಗಿರಬಹುದು. ನನ್ನ ಕಾರಿನಲ್ಲಿ ಆಗಿದ್ದೂ ಅದೇ. ಒಂದೇ ಪಿನ್ ಇತ್ತು. ಇನ್ನೊಂದರ ತೂತಿನಲ್ಲಿ ಬರೀ ಧೂಳು. ಗೇರ್‌ಬಾಕ್ಸ್ ಕೂದಲೆಳೆಯಷ್ಟು ಕೆಳಗೆ ಜಾರಿ ಕೂತಿತ್ತು, ಪ್ಲೇಟ್ ಪ್ರತಿ ಸುತ್ತಿಗೂ ಒಂದು ಸಲ ಬಾಗಿ ಏಳುತ್ತಿತ್ತು. ಎಂಜಿನ್ 2,000 ಆರ್‌ಪಿಎಂನಲ್ಲಿ ಓಡಿದರೆ ನಿಮಿಷಕ್ಕೆ 2,000 ಸಲ. ಉಕ್ಕಿನ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತದಲ್ಲ, ಹಾಗೆ ಅದು ಸೋತಿತ್ತು.

ಬ್ಲಾಕ್ ಮತ್ತು ಬೆಲ್ ಹೌಸಿಂಗ್ ಮುಖಗಳ ಮಧ್ಯೆ ತಂತಿ, ಮಣ್ಣು, ಉಬ್ಬಿದ ಗೀರು ಸಿಕ್ಕಿದ್ದರೂ ಇದೇ ಗತಿ. ಉಗುರಿನಿಂದ ಮುಖವನ್ನೆಲ್ಲ ಸವರಿ ನೋಡಿ, ಉಬ್ಬಿದ್ದರೆ ಸಪಾಟಾದ ಅರದಿಂದ ಮೆಲ್ಲಗೆ ಉಜ್ಜಿ. ಎಂಜಿನ್, ಗೇರ್‌ಬಾಕ್ಸ್ ಮೌಂಟ್‌ಗಳ ರಬ್ಬರ್ ಹರಿದಿದೆಯಾ ನೋಡಿ. ಕನ್ವರ್ಟರ್ ಮೂತಿಯ ಪೈಲಟ್ ಉಬ್ಬು ಕ್ರ್ಯಾಂಕ್ ಹಿಂದಿನ ಗುಳಿಯಲ್ಲಿ ಸಲೀಸಾಗಿ ಕೂರಬೇಕು. ತುಕ್ಕು ಹಿಡಿದು ಬಿಗಿಯಾಗಿದ್ದರೆ ನುಣುಪು ಕಾಗದದಿಂದ ಚೊಕ್ಕ ಮಾಡಿ, ಒಂದು ತೆಳು ಪದರ ಗ್ರೀಸ್ ಹಚ್ಚಿ. ಕನ್ವರ್ಟರ್ ಬೋಲ್ಟ್‌ಗಳು ಬೇಕಾದ್ದಕ್ಕಿಂತ ಉದ್ದವಾಗಿದ್ದವಾ ಅಂತಲೂ ನೋಡಿ. ಉದ್ದ ಬೋಲ್ಟ್‌ನ ತುದಿ ಕನ್ವರ್ಟರ್ ಮುಖವನ್ನು ಒಳಗೆ ತಳ್ಳಿ ಗುಳಿ ಮಾಡಿರುತ್ತದೆ. ಹಾಗಾಗಿದ್ದರೆ ಆ ಕನ್ವರ್ಟರ್ ಕೂಡ ಬದಲಾಗಬೇಕು. ಹಲ್ಲು ಮುರಿದಿದ್ದರೆ ಸ್ಟಾರ್ಟರ್‌ನ ಚಿಕ್ಕ ಹಲ್ಲಿನ ಚಕ್ರವನ್ನೂ ನೋಡಿ. ಸವೆದ ಚಕ್ರ ಹೊಸ ಹಲ್ಲನ್ನು ಬೇಗ ತಿನ್ನುತ್ತದೆ.

ಕೊನೆಯದಾಗಿ ಕ್ರ್ಯಾಂಕ್‌ಶಾಫ್ಟ್ ಅನ್ನು ಹಿಂದೆ ಮುಂದೆ ಮೀಟಿ ನೋಡಿ. ಡಯಲ್ ಗೇಜ್ ಇದ್ದರೆ ಅಳೆದು ಮ್ಯಾನುಯಲ್ ಮಿತಿಗೆ ಹೋಲಿಸಿ. ಮಿತಿ ಮೀರಿ ಸಡಿಲ ಇದ್ದರೆ ಥ್ರಸ್ಟ್ ಬೇರಿಂಗ್ (ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವುದು) ಸವೆದಿದೆ, ಪ್ಲೇಟ್ ಬದಲಾಯಿಸಿ ಪ್ರಯೋಜನ ಇಲ್ಲ.

ಹೊಸದನ್ನು ಕೂರಿಸುವುದು

ಹಿಂದಿನ ಆಯಿಲ್ ಸೀಲ್ ಈಗಲೇ ಬದಲಾಯಿಸಿ. ಕ್ರ್ಯಾಂಕ್ ಫ್ಲೇಂಜ್ ಒರೆಸಿ ಒಣಗಿಸಿ, ತೂತುಗಳ ಎಣ್ಣೆ ತೆಗೆಯಿರಿ. ಕೆಲವು ಎಂಜಿನ್‌ಗಳಲ್ಲಿ ಈ ತೂತುಗಳು ಒಳಗೆ ಆಯಿಲ್ ಇರುವ ಜಾಗದವರೆಗೂ ಹೋಗುತ್ತವೆ. ಅಲ್ಲಿ ಬೋಲ್ಟ್ ಎಳೆಗಳಿಗೆ ಸೀಲಂಟ್ ಬೇಕು, ಇಲ್ಲದಿದ್ದರೆ ಎಳೆಯ ಮೂಲಕವೇ ಆಯಿಲ್ ಜಿನುಗುತ್ತದೆ. ಅನೇಕ ಪ್ಲೇಟ್‌ಗಳಲ್ಲಿ ತೂತುಗಳ ಅಂತರ ಸಮ ಇರುವುದಿಲ್ಲ, ಒಂದೇ ರೀತಿಯಲ್ಲಿ ಮಾತ್ರ ಕೂರುತ್ತದೆ. ಒತ್ತಾಯ ಮಾಡಬೇಡಿ, ತಿರುಗಿಸಿ ಹೊಂದಿಸಿ.

ಬೋಲ್ಟ್‌ಗಳನ್ನೆಲ್ಲ ಮೊದಲು ಕೈಯಿಂದಲೇ ಕೂರಿಸಿ. ಆಮೇಲೆ ನಕ್ಷತ್ರದ ಆಕಾರದಲ್ಲಿ, ಎದುರು ಬದುರಾಗಿ, ಹಂತ ಹಂತವಾಗಿ. ಉದಾಹರಣೆಗೆ ಜನರಲ್ ಮೋಟಾರ್ಸ್‌ನ ಎಲ್‌ಎಸ್ ಸರಣಿಯ ವಿ8ಗಳಿಗೆ ಮೂರು ಸುತ್ತು: ಮೊದಲು 20, ಆಮೇಲೆ 50, ಕೊನೆಗೆ 100 ನ್ಯೂಟನ್ ಮೀಟರ್. ನಿಮ್ಮದಕ್ಕೆ ಗೋಡೆಗೆ ಅಂಟಿಸಿದ ಹಾಳೆ ನೋಡಿ. ಕೆಲವು ಎಂಜಿನ್‌ಗಳಲ್ಲಿ ಟಾರ್ಕ್ ಆದ ಮೇಲೆ ಇಷ್ಟು ಡಿಗ್ರಿ ತಿರುಗಿಸಿ ಅಂತ ಇರುತ್ತದೆ. ಅಂಥ ಬೋಲ್ಟ್‌ಗಳು ಬಿಗಿಯುವಾಗ ಹಿಗ್ಗುತ್ತವೆ, ಎರಡನೇ ಸಲ ಬಳಸಬಾರದು. ಇಂಪ್ಯಾಕ್ಟ್ ಗನ್ ಇಲ್ಲಿ ಬೇಡವೇ ಬೇಡ.

ಆಮೇಲೆ ಕ್ರ್ಯಾಂಕ್ ಅನ್ನು ಒಂದು ಸುತ್ತು ತಿರುಗಿಸಿ. ಪ್ಲೇಟಿನ ಅಂಚು ಬ್ಲಾಕಿನಿಂದ ಒಂದೇ ದೂರದಲ್ಲಿ ಸುತ್ತಬೇಕು. ಓಲಾಡಿದರೆ ಫ್ಲೇಂಜ್ ಮೇಲೆ ಕಸ ಸಿಕ್ಕಿದೆ, ಅಥವಾ ಪ್ಲೇಟೇ ಸೊಟ್ಟ ಇದೆ.

ಕನ್ವರ್ಟರ್: ಇಲ್ಲಿ ಆತುರ ಬೇಡ

ಇಷ್ಟು ಹೊತ್ತಿಗೆ ಪಂಪ್ ಸೀಲ್ ಬದಲಾಯಿಸಿ, ಅದರ ತುಟಿಗೆ ಹೊಸ ಆಯಿಲ್ ಸವರಿರುತ್ತೀರಿ. ಕನ್ವರ್ಟರ್ ಒಳಗೆ ಮೂರು ಜಾಗದಲ್ಲಿ ಕಚ್ಚಿಕೊಳ್ಳಬೇಕು: ಇನ್‌ಪುಟ್ ಶಾಫ್ಟಿನ ಹಲ್ಲು, ಸ್ಟೇಟರ್ ಹಲ್ಲು, ಕೊನೆಗೆ ಆಯಿಲ್ ಪಂಪಿನ ಖಾಂಚೆ. ಎರಡೂ ಕೈಯಿಂದ ಸಮವಾಗಿ ಒಳಗೆ ತಳ್ಳುತ್ತಾ, ಎಡಕ್ಕೆ ಬಲಕ್ಕೆ ತಿರುಗಿಸುತ್ತಾ ಇರಿ. ಒಂದು ಹಂತದಲ್ಲಿ ಟಕ್ ಅಂತ ಸ್ವಲ್ಪ ಒಳಗೆ ಬೀಳುತ್ತದೆ. ಮುಗಿಯಿತು ಅನಿಸುತ್ತದೆ. ಇಲ್ಲ. ಮತ್ತೆ ತಿರುಗಿಸಿ. ಇನ್ನೊಂದು ಟಕ್. ಮತ್ತೆ ತಿರುಗಿಸಿ. ಕೊನೆಯದು ಸಾಮಾನ್ಯವಾಗಿ ಎಲ್ಲಕ್ಕಿಂತ ಗಟ್ಟಿ, ಅಂಗೈಗೆ ತಿಳಿಯುವ ಹಾಗೆ ದಪ್ಪನೆ ಕೂರುತ್ತದೆ. ಕೆಲವು ಸಲ ಎರಡು ಹಲ್ಲು ಒಟ್ಟಿಗೇ ಕೂತು ಎರಡೇ ಟಕ್ ಸಿಗುತ್ತದೆ. ಹಾಗಾಗಿ ಎಣಿಕೆಯನ್ನು ನಂಬಬೇಡಿ, ಅಳತೆಯನ್ನು ನಂಬಿ. ಬೆಲ್ ಹೌಸಿಂಗ್ ಬಾಯಿಗೆ ಅಡ್ಡಲಾಗಿ ನೇರ ಪಟ್ಟಿ ಇಟ್ಟು, ಅಲ್ಲಿಂದ ಕನ್ವರ್ಟರ್ ಬೋಲ್ಟ್ ಕೂರುವ ಮುಖದವರೆಗೆ ಕ್ಯಾಲಿಪರ್‌ನಿಂದ ಅಳೆಯಿರಿ. ಮ್ಯಾನುಯಲ್ ಹೇಳಿದಷ್ಟು ಆಳ ಬರುವ ತನಕ ಮುಂದೆ ಹೋಗಬೇಡಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಕೊನೆಯ ಖಾಂಚೆ ಕಚ್ಚದೆ ಗೇರ್‌ಬಾಕ್ಸ್ ಏರಿಸಿದರೆ ಬೆಲ್ ಹೌಸಿಂಗ್ ಮತ್ತು ಬ್ಲಾಕ್ ಮಧ್ಯೆ ಸಂದು ಉಳಿಯುತ್ತದೆ. ಬೋಲ್ಟ್ ಬಿಗಿದು ಆ ಸಂದು ಮುಚ್ಚೋಣ ಅನಿಸುತ್ತದೆ. ಬಿಗಿದರೆ ಪಂಪ್ ಒಡೆಯುತ್ತದೆ, ಹೊಸ ಪ್ಲೇಟ್ ಬಾಗುತ್ತದೆ, ಗೇರ್‌ಬಾಕ್ಸ್ ಕೆಡುತ್ತದೆ.

ಏರಿಸುವಾಗ ಹಿಡಿದಿದ್ದ ಅಡ್ಡ ಪಟ್ಟಿಯನ್ನು ಕೊನೆಯ ಕ್ಷಣದಲ್ಲಿ ತೆಗೆದು, ಗೇರ್‌ಬಾಕ್ಸ್ ಮೂತಿ ಮುಂದಕ್ಕೆ ವಾಲದಂತೆ ನೋಡಿಕೊಳ್ಳಿ. ವಾಲಿದರೆ ಕನ್ವರ್ಟರ್ ಮುಂದೆ ಜಾರಿ ಪಂಪಿನಿಂದ ಬಿಟ್ಟುಕೊಳ್ಳುತ್ತದೆ. ಜ್ಯಾಕ್‌ನ ಓರೆ ಸರಿ ಮಾಡುತ್ತಾ ಎರಡೂ ಮುಖಗಳು ಸುತ್ತಲೂ ಒಂದೇ ಸಂದು ಬರುವ ಹಾಗೆ ತನ್ನಿ. ಡೋವೆಲ್ ಪಿನ್ ಒಳಗೆ ಹೋಗಿ, ಮುಖಕ್ಕೆ ಮುಖ ಕೈಬಲದಲ್ಲೇ ಸೇರಬೇಕು. ಸೇರಿದ ಮೇಲೆ ಬೋಲ್ಟ್.

ಬೆಲ್ ಹೌಸಿಂಗ್ ಬೋಲ್ಟ್ ಬಿಗಿದ ಕೂಡಲೇ, ಕನ್ವರ್ಟರ್ ಬೋಲ್ಟ್ ಹಾಕುವ ಮುಂಚೆ, ಕಿಂಡಿಯಿಂದ ಕೈ ಹಾಕಿ ಕನ್ವರ್ಟರ್ ತಿರುಗಿಸಿ. ಸಲೀಸಾಗಿ ತಿರುಗಬೇಕು, ಪ್ಲೇಟಿಗೂ ಅದಕ್ಕೂ ಮಧ್ಯೆ ಸಣ್ಣ ಸಂದು ಇರಬೇಕು. ಹಿಂದಿನ ಚಕ್ರ ಎಳೆಯುವ ಅಮೆರಿಕನ್ ಕಾರುಗಳಲ್ಲಿ ಸಾಮಾನ್ಯವಾಗಿ ಇದು ಸುಮಾರು 3ರಿಂದ 5 ಮಿಲಿಮೀಟರ್. ಸಂದೇ ಇಲ್ಲ, ಕನ್ವರ್ಟರ್ ಬಿಗಿಯಾಗಿದೆ ಅಂದರೆ ಗೇರ್‌ಬಾಕ್ಸ್ ಮತ್ತೆ ಹಿಂದಕ್ಕೆ ತೆಗೆಯಿರಿ. ಬೇಜಾರಾಗುತ್ತದೆ, ಆದರೂ ತೆಗೆಯಿರಿ.

ಸಂದು ಸರಿ ಇದ್ದರೆ ಪೇಂಟ್ ಗೆರೆ ನೋಡಿ ಹೊಂದಿಸಿ. ಪ್ಲೇಟ್ ಹೊಸದಾದ್ದರಿಂದ ಹಳೇ ಪ್ಲೇಟಿನ ಗೆರೆಯನ್ನು ಅದೇ ಜಾಗಕ್ಕೆ ಮೊದಲೇ ನಕಲು ಮಾಡಿಕೊಂಡಿರಬೇಕು. ಕನ್ವರ್ಟರ್ ಅನ್ನು ಮುಂದಕ್ಕೆ ಎಳೆದು ಬೋಲ್ಟ್‌ಗಳನ್ನೆಲ್ಲ ನೀಲಿ ಥ್ರೆಡ್ ಲಾಕರ್ ಹಚ್ಚಿ ಕೈಯಿಂದ ಸೇರಿಸಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಕೊನೆಯ ತೂತು ಹೊಂದುವುದೇ ಇಲ್ಲ. ಎಲ್ಲ ಸೇರಿದ ಮೇಲೆ ಒಂದೊಂದಾಗಿ ಟಾರ್ಕ್ ಮಾಡಿ, ಆದದ್ದಕ್ಕೆ ಪೇಂಟ್ ಚುಕ್ಕೆ ಇಡಿ.

ಉಳಿದ ಜೋಡಣೆ ಬಿಚ್ಚಿದ್ದರ ತಿರುಗುಮುರುಗು. ಫೋಟೊಗಳು ಕೈಯಲ್ಲಿವೆ, ಹೆಚ್ಚು ಹೇಳುವುದು ಬೇಡ.

ಮೊದಲ ಸ್ಟಾರ್ಟ್

ಬ್ಯಾಟರಿ ಸೇರಿಸುವ ಮುಂಚೆ ಕ್ರ್ಯಾಂಕ್ ಅನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿ. ಉಜ್ಜುವ ಸದ್ದು ಇರಬಾರದು. ಆಯಿಲ್ ತುಂಬಿ. ಕನ್ವರ್ಟರ್ ಒಳಗೆ ಒಂದಿಷ್ಟು ಖಾಲಿಯಾಗಿರುತ್ತದೆ, ಸ್ಟಾರ್ಟ್ ಆದ ಮೇಲೆ ಮಟ್ಟ ಇಳಿಯುತ್ತದೆ, ಅಷ್ಟು ಕೈಯಲ್ಲಿ ಇಟ್ಟುಕೊಳ್ಳಿ. ಬ್ರೇಕ್ ಒತ್ತಿ ಹಿಡಿದು, ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, ಪ್ರತಿಯೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ವಾಪಸ್ ಬನ್ನಿ. ಆಮೇಲೆ ಮಟ್ಟ ನೋಡಿ. ಡಿಪ್‌ಸ್ಟಿಕ್ ಇಲ್ಲದ ಗೇರ್‌ಬಾಕ್ಸ್‌ಗಳಲ್ಲಿ, ಕಾರು ಸಮತಟ್ಟಾಗಿ ನಿಂತು, ಎಂಜಿನ್ ಓಡುತ್ತಿದ್ದು, ಆಯಿಲ್ ಹೇಳಿದ ಉಷ್ಣಾಂಶಕ್ಕೆ ಬಂದಾಗ ಮಟ್ಟದ ಪ್ಲಗ್ ತೆಗೆದು ನೋಡಬೇಕು. ತಣ್ಣಗಿರುವಾಗ ನೋಡಿದರೆ ಲೆಕ್ಕ ತಪ್ಪುತ್ತದೆ.

ನನ್ನ ಕಾರು ಅಂದು ಸ್ಟಾರ್ಟ್ ಆದಾಗ ನಾನು ಬಾಗಿಲು ತೆರೆದೇ ಕೂತಿದ್ದೆ. ಐಡಲ್, ಆಮೇಲೆ ಡ್ರೈವ್, ಆಮೇಲೆ ರಿವರ್ಸ್. ಟಕ್ ಟಕ್ ಇರಲಿಲ್ಲ. ಫ್ಯಾನ್ ಸದ್ದು ಮಾತ್ರ.

ಮೊದಲ ದಿನ ಹತ್ತಿರದಲ್ಲೇ, ನಿಧಾನವಾಗಿ ಒಂದು ಸುತ್ತು ಓಡಿಸಿ ಬಂದು, ಮತ್ತೆ ಎತ್ತಿ ನಿಲ್ಲಿಸಿ, ಕೂಲರ್ ಪೈಪ್, ಸೀಲ್, ಡ್ರೈವ್ ಶಾಫ್ಟ್ ಬುಡ ಒಣಗಿವೆಯಾ ನೋಡಿ. ನಡುಕ ಇದ್ದರೆ ಓಡಿಸಬೇಡಿ, ಬ್ಯಾಲೆನ್ಸ್ ಹೊಂದದ ಪ್ಲೇಟ್ ಬಂದಿರಬಹುದು. ಎಲ್ಲ ಸರಿ ಇದ್ದರೆ 500 ಕಿಲೋಮೀಟರ್ ಆದ ಮೇಲೆ ತಳದ ಮುಚ್ಚಳ ಇನ್ನೊಮ್ಮೆ ತೆಗೆದು, ಬೋಲ್ಟ್‌ಗಳ ಮೇಲಿನ ಪೇಂಟ್ ಚುಕ್ಕೆ ಕದಲಿದೆಯಾ, ಕೆಂಪು ಪುಡಿ ಇದೆಯಾ ನೋಡಿ, ಆಯಿಲ್ ಮಟ್ಟವನ್ನು ಇನ್ನೊಂದು ಸಲ ಪರೀಕ್ಷೆ ಮಾಡಿ ಮುಚ್ಚಳ ಹಾಕಿ.